ಹಳೇ ಕೆಲಸ ಹೋದ್ರೆ ಹೊಸ ಕೆಲಸ ಬರುತ್ತೆ ಅಂತಾರಲ್ಲ, ಅದು ಯಾರಿಗೆ ಬರುತ್ತೆ, ಎಲ್ಲಿ ಬರುತ್ತೆ?

ಪ್ರಶ್ನೆ

ಹನ್ನೊಂದು ವರ್ಷದಿಂದ ಅಕೌಂಟ್ಸ್ ಸೆಕ್ಷನ್‌ನಲ್ಲಿ ಬಿಲ್ ಎಂಟ್ರಿ ಮಾಡ್ತಿದೀನಿ. ಮೊದಲು ಆರು ಜನ ಇದ್ವಿ, ಬಿಲ್ಲಿನ ಒಂದೊಂದೇ ಸಾಲಿನ ಕೆಳಗೆ ಸ್ಕೇಲ್ ಇಟ್ಕೊಂಡು ಓದಿ ಟೈಪ್ ಮಾಡ್ತಿದ್ವಿ. ಈಗ ಸಾಫ್ಟ್‌ವೇರೇ ಬಿಲ್ ಓದ್ಕೊಳ್ಳುತ್ತೆ, ಅನುಮಾನ ಬಂದ ಅಂಕಿ ಮಾತ್ರ ಕೆಂಪಗೆ ತೋರಿಸುತ್ತೆ, ಅದನ್ನ ನೋಡಿ ಸರಿ ಅಂತ ಒತ್ತೋದೇ ನನ್ನ ಕೆಲಸ. ಇಬ್ಬರು ಉಳಿದಿದೀವಿ. ಕೆಂಪು ಸಾಲುಗಳೂ ತಿಂಗಳಿಂದ ತಿಂಗಳಿಗೆ ಕಮ್ಮಿ ಆಗ್ತಿವೆ.

ಯಾರನ್ನ ಕೇಳಿದ್ರೂ, ಯಂತ್ರ ಬಂದಾಗೆಲ್ಲ ಹೊಸ ಕೆಲಸ ಹುಟ್ಟಿದೆ, ಹೆದರಬೇಡಿ, ಏನಾದ್ರೂ ಕಲೀರಿ ಅಂತಾರೆ. ಹುಟ್ಟಿದ ಕೆಲಸ ಕಳ್ಕೊಂಡವರಿಗೇ ಸಿಕ್ಕಿದೆಯಾ? ಅದೇ ಊರಲ್ಲಿ ಸಿಕ್ಕಿದೆಯಾ? ಗೊತ್ತಿರೋರು ಇದ್ದದ್ದು ಇದ್ದಹಾಗೆ ಹೇಳಿ, ಸಮಾಧಾನದ ಮಾತು ಬೇಡ.

ಉತ್ತರ 1

ಊರಿನ ವಿಷಯ ಹೇಳ್ತೀನಿ. 1956ರ ಏಪ್ರಿಲ್‌ನಲ್ಲಿ ಮಾಲ್ಕಂ ಮೆಕ್‌ಲೀನ್ ಅನ್ನೋ ಲಾರಿ ಉದ್ಯಮಿ 58 ಕಂಟೇನರ್‌ಗಳನ್ನ, ಅಂದ್ರೆ ಸರಕು ತುಂಬೋ ದೊಡ್ಡ ಲೋಹದ ಪೆಟ್ಟಿಗೆಗಳನ್ನ, ಐಡಿಯಲ್ ಎಕ್ಸ್ ಅನ್ನೋ ಹಡಗಿಗೆ ಏರಿಸಿ ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ್ರು. ಅದಕ್ಕೂ ಮುಂಚೆ ಹಮಾಲರು ಕೈಯಲ್ಲಿ ಕಬ್ಬಿಣದ ಕೊಕ್ಕೆ ಹಿಡ್ಕೊಂಡು ಒಂದೊಂದೇ ಮೂಟೆ, ಒಂದೊಂದೇ ಪೆಟ್ಟಿಗೆ ಎಳೆದು ಜೋಡಿಸಬೇಕಿತ್ತು, ಒಂದು ಹಡಗು ಖಾಲಿ ಆಗೋಕೆ ದಿನಗಟ್ಟಲೆ ಹಿಡೀತಿತ್ತು.

ಕಂಟೇನರ್ ಬಂದಮೇಲೆ ಸರಕು ಕಮ್ಮಿ ಆಗ್ಲಿಲ್ಲ, ಹಲವು ಪಟ್ಟು ಜಾಸ್ತಿ ಆಯ್ತು. ಆದ್ರೆ ಕಂಟೇನರ್ ಇಡೋಕೆ ವಿಶಾಲವಾದ ಬಯಲು ಬೇಕು, ಲಾರಿ ಬರೋಕೆ ಅಗಲದ ರಸ್ತೆ ಬೇಕು, ಊರ ಮಧ್ಯದ ಹಳೇ ಬಂದರುಗಳಲ್ಲಿ ಅದೆಲ್ಲಿತ್ತು? ಸ್ಯಾನ್ ಫ್ರಾನ್ಸಿಸ್ಕೋ ಬಂದರಿನ ಕೆಲಸ ಕೊಲ್ಲಿಯ ಆಚೆ ದಡದ ಓಕ್ಲೆಂಡ್‌ಗೆ ಹೋಯ್ತು. ಲಂಡನ್ ನಗರದೊಳಗಿನ ಡಾಕ್‌ಗಳು ಒಂದೊಂದಾಗಿ ಮುಚ್ಚುತ್ತಾ 1981ಕ್ಕೆ ಮುಗಿದೇ ಹೋದ್ವು, ಇಂಗ್ಲೆಂಡಿನಲ್ಲೇ ಹಿಂದೆ ಸಣ್ಣ ಬಂದರಾಗಿದ್ದ ಫೀಲಿಕ್ಸ್‌ಸ್ಟೋ ಬೆಳೀತು. ಬಂದರಿನ ಪಕ್ಕದಲ್ಲೇ ಇದ್ರೆ ಸಾಗಣೆ ಖರ್ಚು ಉಳಿಯುತ್ತೆ ಅಂತ ಅಲ್ಲಿ ಕೂತಿದ್ದ ಕಾರ್ಖಾನೆಗಳಿಗೂ ಅಲ್ಲೇ ಇರೋ ಕಾರಣ ಉಳೀಲಿಲ್ಲ. ದೇಶದ ಲೆಕ್ಕದಲ್ಲಿ ಲಾಭ, ಆ ಬೀದಿಯ ಲೆಕ್ಕದಲ್ಲಿ ನಷ್ಟ.

ಒಂದು ಕಡೆ ಮಾತ್ರ ಕೆಲಸಗಾರರು ಮುಂಚೆಯೇ ಕೂತು ಮಾತಾಡಿದ್ರು. ಅಮೆರಿಕದ ಪಶ್ಚಿಮ ಕರಾವಳಿಯ ಹಮಾಲರ ಸಂಘ, ಹ್ಯಾರಿ ಬ್ರಿಜಸ್ ನಾಯಕತ್ವದಲ್ಲಿ, 1960ರಲ್ಲೇ ಒಪ್ಪಂದ ಮಾಡ್ಕೊಳ್ತು. ಯಂತ್ರ ತನ್ನಿ, ಅಡ್ಡ ಬರಲ್ಲ, ಉಳಿತಾಯದಲ್ಲಿ ನಮಗೂ ಪಾಲು ಕೊಡಿ ಅಂತ. ಮಾಲೀಕರು ನಿಧಿಗೆ ದುಡ್ಡು ಹಾಕಿದ್ರು, ವಯಸ್ಸಾದವರಿಗೆ ಬೇಗ ನಿವೃತ್ತಿ, ಉಳಿದವರಿಗೆ ಆದಾಯದ ಖಾತ್ರಿ. ಪೂರ್ತಿ ನೋಂದಣಿ ಆದವರಿಗೆ ಮಾತ್ರ ಇದು ಸಿಕ್ಕಿದ್ದು, ಹೊರಗಿದ್ದವರಿಗೆ ಇಲ್ಲ, ಅದೂ ನೆನಪಿರ್ಲಿ.

ಉತ್ತರ 2

ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿದೆ. 1920ರಿಂದ 1940ರ ನಡುವೆ ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ ಊರೂರಿಗೆ, ನಂಬರ್ ತಿರುಗಿಸಿದ್ರೆ ತಾನಾಗೇ ಕಾಲ್ ಜೋಡಿಸೋ ಡಯಲ್ ಫೋನ್ ತಂತು, ಲೋಕಲ್ ಕಾಲ್ ಜೋಡಿಸ್ತಿದ್ದ ಹುಡುಗೀರ ಕೆಲಸ ಹೋಯ್ತು. ಆಮೇಲೆ ಕೆಲಸದ ವಯಸ್ಸಿಗೆ ಬಂದ ಹುಡುಗೀರಿಗೆ ಟೈಪಿಸ್ಟ್ ತರದ ಬೇರೆ ಕೆಲಸ ಸಿಕ್ತು, ಒಟ್ಟು ಲೆಕ್ಕ ಹಾಳಾಗ್ಲಿಲ್ಲ. ಆದ್ರೆ ಆಗ ಸ್ವಿಚ್‌ಬೋರ್ಡ್ ಮುಂದೆ ಕೂತಿದ್ದವರಲ್ಲಿ ಎಷ್ಟೋ ಜನ ಕಮ್ಮಿ ಸಂಬಳದ ಕೆಲಸಕ್ಕೆ ಇಳಿದ್ರು, ಇಲ್ಲಾ ದುಡಿಯೋದನ್ನೇ ಬಿಟ್ರು. ನಿಮಗೆ ಧೈರ್ಯ ಹೇಳೋರು ಮುಂದಿನ ತಲೆಮಾರಿನ ಕಥೆ ಹೇಳ್ತಿದಾರೆ, ನೀವು ಕೇಳ್ತಿರೋದು ಈ ತಲೆಮಾರಿನದು.

ಉತ್ತರ 3

ಯಂತ್ರ ಬಂದ ತಕ್ಷಣ ಎಲ್ಲಾ ಮುಗೀತು ಅಂತಾನೂ ಅಲ್ಲ. 1967ರಲ್ಲಿ ಲಂಡನ್‌ನಲ್ಲಿ ಮೊದಲ ಎಟಿಎಂ ಬಂತು, ಅಮೆರಿಕದಲ್ಲಿ ಎಟಿಎಂ ಎಲ್ಲಾ ಕಡೆ ಹರಡಿದ ಮೇಲೂ ಕ್ಯಾಷಿಯರ್‌ಗಳ ಒಟ್ಟು ಸಂಖ್ಯೆ ವರ್ಷಗಟ್ಟಲೆ ಕುಸೀಲಿಲ್ಲ, ಯಾಕಂದ್ರೆ ಶಾಖೆ ನಡೆಸೋ ಖರ್ಚು ಇಳಿದು ಶಾಖೆಗಳೇ ಜಾಸ್ತಿ ಆದ್ವು. ಆಮೇಲೆ ಮೊಬೈಲ್ ಬ್ಯಾಂಕಿಂಗ್ ಬಂದಾಗ ಶಾಖೆಗಳೇ ಮುಚ್ಚೋಕೆ ಶುರುವಾದ್ವು. ನಡುವೆ ಸಿಕ್ಕ ಆ ಕಾಲಾವಕಾಶ ಇದೆಯಲ್ಲ, ಅದನ್ನ ಬಳಸ್ಕೊಳ್ಳಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಟೆಲಿಫೋನ್ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆ ಕಾಲಾವಕಾಶದಲ್ಲಿ ಏನು ಕೇಳ್ಬೇಕು? ಸಂಜೆ ಮನೆ ಕೆಲಸ ಮುಗಿಸಿ ಕೋರ್ಸ್ ಅಂತ ಕೂತ್ರೆ ಅರ್ಧ ಗಂಟೆಗೆ ಕಣ್ಣು ಮುಚ್ಚುತ್ತೆ.

ಉತ್ತರ 4

ತಪ್ಪು ನಿಮ್ದಲ್ಲ, ಕೋರ್ಸ್ ಪುಕ್ಕಟೆ ಕೊಟ್ರೂ ಕಲಿಯೋ ಹೊತ್ತಿಗೆ ಮನೆ ಯಾರು ನಡೆಸಬೇಕು? ಇದನ್ನ ಸಿಂಗಾಪುರ ಅನುಭವದಿಂದ ಕಲಿತಿದೆ ಅನ್ನಿಸುತ್ತೆ. 2015ರಲ್ಲಿ ಶುರುವಾದ ಸ್ಕಿಲ್ಸ್‌ಫ್ಯೂಚರ್ ಅನ್ನೋ ಸರ್ಕಾರಿ ತರಬೇತಿ ಯೋಜನೆಯಲ್ಲಿ ಮೊದಲು ಕೊಟ್ಟಿದ್ದು ಕೋರ್ಸ್ ಫೀಸಿಗೆ 500 ಸಿಂಗಾಪುರ ಡಾಲರ್. 2024ರಲ್ಲಿ 40 ದಾಟಿದವರಿಗೆ ಇನ್ನೂ 4,000 ಸೇರಿಸಿದ್ರು, 2025ರಿಂದ ಪೂರ್ಣಾವಧಿ ಕಲಿಯೋ ಆ ವಯಸ್ಸಿನವರಿಗೆ ತಿಂಗಳಿಗೆ 3,000 ಡಾಲರ್‌ವರೆಗೆ ಭತ್ಯೆನೂ ಇದೆ, ಒಟ್ಟು 24 ತಿಂಗಳವರೆಗೆ.

ನೋಕಿಯಾ 2011ರಲ್ಲಿ ಜನರನ್ನ ಕಮ್ಮಿ ಮಾಡುವಾಗ ಬ್ರಿಡ್ಜ್ ಅಂತ ಒಂದು ಕಾರ್ಯಕ್ರಮ ಇಟ್ಟು, ಬೇರೆ ಕೆಲಸ ಹುಡುಕೋಕೆ, ಸ್ವಂತ ಕಂಪನಿ ಶುರು ಮಾಡೋಕೆ ನೆರವು ಕೊಡ್ತು. ಅಷ್ಟಾದ್ರೂ ಫಿನ್ಲೆಂಡ್‌ನ ಎರಡು ಊರಿಗೆ ಎರಡು ಗತಿ ಆಯ್ತು. ವೈರ್‌ಲೆಸ್ ಎಂಜಿನಿಯರ್‌ಗಳು, ಯೂನಿವರ್ಸಿಟಿ ಇದ್ದ ಔಲು ಬೇಗ ಚೇತರಿಸ್ಕೊಳ್ತು, ಫೋನ್ ಜೋಡಿಸೋ ಕಾರ್ಖಾನೆಯನ್ನೇ ನಂಬಿದ್ದ ಸಾಲೋ ಬಹಳ ವರ್ಷ ಒದ್ದಾಡ್ತು. ತರಬೇತಿ ಕೊಟ್ರೂ ಆ ಕೆಲಸ ಆ ಊರಲ್ಲಿ ಇರ್ಬೇಕಲ್ಲ.

ನಿಮ್ಮ ಮಟ್ಟಿಗೆ ಹೇಳೋದಾದ್ರೆ, ಆ ಕೆಂಪು ಸಾಲುಗಳು ಯಾಕೆ ಕೆಂಪಗಾಗ್ತವೆ ಅಂತ ನಿಮಗೆ ಗೊತ್ತಲ್ಲ? ಯಾವ ಪಾರ್ಟಿ ಬಿಲ್ಲಲ್ಲಿ ತೆರಿಗೆ ತಪ್ಪಿರುತ್ತೆ, ಯಾರು ಒಂದೇ ಬಿಲ್ ಎರಡು ಸಲ ಕಳಿಸ್ತಾರೆ ಅಂತ? ಅದು ಆಡಿಟ್ ಕೆಲಸದ ತಿಳುವಳಿಕೆ. ಆ ಕಡೆಗೆ ತರಬೇತಿ ಕೇಳಿ, ಡ್ಯೂಟಿ ಟೈಮಲ್ಲೇ ಕೇಳಿ, ನೀವಿಬ್ಬರೂ ಇನ್ನೂ ಬೇಕಾಗಿರುವಾಗಲೇ ಕೇಳಿ.

ಪ್ರಶ್ನೆ ಕೇಳಿದವರು

ಎರಡು ಸಲ ಬರೋ ಬಿಲ್‌ಗಳದ್ದು ನನ್ನ ಹತ್ರ ಒಂದು ನೋಟ್‌ಬುಕ್ಕೇ ಇದೆ, ನಾಲ್ಕು ವರ್ಷದ್ದು. ಅದನ್ನೇ ತಗೊಂಡು ಸೋಮವಾರ ಮ್ಯಾನೇಜರ್ ಹತ್ರ ಹೋಗ್ತೀನಿ, ಜೊತೆಗಿರೋರನ್ನೂ ಕರ್ಕೊಂಡು.