ಚೀನಾ ಟಿಲ್ಲರಿನ ಗೇರ್ ಆಯಿಲ್ ಬೆಳ್ಳಗಾದರೆ ಗೇರ್ ಬಾಕ್ಸನ್ನೇ ಬದಲಿಸಬೇಕೆ?

ಪ್ರಶ್ನೆ: ನಮಸ್ಕಾರ ಸರ್. ತೀರ್ಥಹಳ್ಳಿ ಕಡೆ ನಮಗೆ ಮೂರು ಎಕರೆ ಗದ್ದೆಯಿದೆ. ಎಸ್195 ಎಂಜಿನ್ನಿನ, 12 ಅಶ್ವಶಕ್ತಿಯ ಚೀನಾ ಪವರ್ ಟಿಲ್ಲರನ್ನು ಎರಡು ವರ್ಷದ ಹಿಂದೆ ಕಡಿಮೆ ಬೆಲೆಗೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಈ ಸಲ ನಟ್ಟಿ ಮುಗಿಸಿ ಗೇರ್ ಬಾಕ್ಸಿನ ಡ್ರೈನ್ ಬೋಲ್ಟ್ ಬಿಚ್ಚಿದಾಗ ಹಾಲು ಹಾಕಿದ ಚಹಾದ ಬಣ್ಣದ ಎಣ್ಣೆ ಬಂತು. ತರಿಸಿ ಮಾರಿದವರು ವ್ಯಾಪಾರ ನಿಲ್ಲಿಸಿದ್ದಾರೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಇಡೀ ಗೇರ್ ಬಾಕ್ಸ್ ಬದಲಿಸಬೇಕು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಮಸ್ಕಾರ. ದಯವಿಟ್ಟು ಅವಸರ ಮಾಡಬೇಡಿ. ಎಣ್ಣೆಗೆ ಆ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ; ಕೆಸರಿನಲ್ಲಿ ಓಡುವ ಟಿಲ್ಲರಿಗೆ ಆ ನೀರು ಹೆಚ್ಚಾಗಿ ಚಕ್ರದ ಆಕ್ಸಲಿನ ಆಯಿಲ್ ಸೀಲ್ (ಎಣ್ಣೆ ಸೋರದಂತೆ, ನೀರು ಒಳಹೋಗದಂತೆ ತಡೆಯುವ ಬಳೆ) ಮೂಲಕವೇ ಬರುತ್ತದೆ. ಚಕ್ರ ಕಳಚಿ ನೋಡಿ: ಹುಲ್ಲು ಮತ್ತು ಗೊಬ್ಬರ ಚೀಲದ ಪ್ಲಾಸ್ಟಿಕ್ ಎಳೆಗಳು ಆಕ್ಸಲಿಗೆ ಹಗ್ಗದಂತೆ ಬಿಗಿಯಾಗಿ ಸುತ್ತಿಕೊಂಡು, ಸೀಲಿನ ರಬ್ಬರ್ ಅಂಚನ್ನು ಕೊಯ್ದಿರುವ ಸಾಧ್ಯತೆ ಬಹಳವಿದೆ. ಇಳಿಸಿದ ಎಣ್ಣೆಯಲ್ಲಿ ಒಂದು ಅಯಸ್ಕಾಂತವನ್ನು ಆಡಿಸಿ. ಬೂದು ಬಣ್ಣದ ನುಣ್ಣನೆಯ ಪುಡಿ ಮಾತ್ರ ಅಂಟಿದರೆ ಅದು ಸಹಜ ಸವೆತ. ಕಣ್ಣಿಗೆ ಕಾಣುವ ಚೂರುಗಳು ಬಂದರೆ ಮಾತ್ರ ಬಾಕ್ಸ್ ಬಿಚ್ಚಿಸಬೇಕಾಗುತ್ತದೆ.

ಬಿಡಿಭಾಗದ ಚಿಂತೆ ನನಗೆ ಅರ್ಥವಾಗುತ್ತದೆ. 2020ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಪವರ್ ಟಿಲ್ಲರುಗಳನ್ನೂ ಅವುಗಳ ಬಿಡಿಭಾಗಗಳನ್ನೂ ಮುಕ್ತ ಆಮದಿನಿಂದ ನಿರ್ಬಂಧಿತ ಆಮದಿಗೆ ಸೇರಿಸಿದ್ದರಿಂದ ಪರವಾನಗಿ ಇಲ್ಲದೆ ಅವನ್ನು ತರಿಸುವಂತಿಲ್ಲ. ಆದರೆ ಸೀಲು ಮತ್ತು ಬೇರಿಂಗುಗಳನ್ನು ಕಂಪನಿಯ ಹೆಸರಿನಲ್ಲಿ ಹುಡುಕಬೇಕಾಗಿಲ್ಲ. ಸೀಲಿನ ಮೇಲೆಯೇ ಒಳವ್ಯಾಸ, ಹೊರವ್ಯಾಸ, ದಪ್ಪ ಮಿಲಿಮೀಟರಿನಲ್ಲಿ ಇರುತ್ತವೆ. ಬೇರಿಂಗಿನ ಮೇಲೆ 6206 ಎಂದಿದ್ದರೆ ಅದು ಯಾವ ದೇಶದ್ದಾದರೂ ಒಳಗೆ 30, ಹೊರಗೆ 62, ದಪ್ಪ 16 ಮಿಲಿಮೀಟರೇ. ಶಿವಮೊಗ್ಗದ ಬೇರಿಂಗ್ ಅಂಗಡಿಗೆ ಹಳೆಯದನ್ನೇ ಒಯ್ದು ತೋರಿಸಿ. ಎಸ್195ರ ಮಾದರಿಯನ್ನು ಚೀನಾದ ಅನೇಕ ಕಾರ್ಖಾನೆಗಳು ತಯಾರಿಸಿರುವುದರಿಂದ ಎಂಜಿನ್ನಿನ ಪಿಸ್ಟನ್, ರಿಂಗುಗಳೂ ಸಿಗುತ್ತವೆ, ಆದರೆ ಅಳತೆ ಹೋಲಿಸದೆ ಕೊಳ್ಳಬೇಡಿ.

ಮರುಪ್ರಶ್ನೆ: ನೀವು ಹೇಳಿದಂತೆಯೇ ಪ್ಲಾಸ್ಟಿಕ್ ಎಳೆ ಸಿಕ್ಕಿತು ಸರ್, ಲೋಹದ ಚೂರು ಇರಲಿಲ್ಲ. ಆದರೆ ಸೀಲ್ ಕೂರುವಲ್ಲಿ ಆಕ್ಸಲಿನ ಮೇಲೆ ಉಗುರಿಗೆ ತಾಗುವಷ್ಟು ಗೆರೆ ಬಿದ್ದಿದೆ.

ಉತ್ತರ: ಹೊಸ ಸೀಲಿನ ಅಂಚು ಅದೇ ಗೆರೆಯ ಮೇಲೆ ಕೂತರೆ ಮತ್ತೆ ಸೋರುತ್ತದೆ. ಗೇರ್ ಬಾಕ್ಸಿನಲ್ಲಿ ಸೀಲ್ ಕೂರುವ ಗುಳಿಯಲ್ಲಿ ಜಾಗವಿದ್ದರೆ ಸೀಲನ್ನು ಎರಡು ಮಿಲಿಮೀಟರ್ ಆಚೀಚೆ ಸರಿಸಿ ಕೂರಿಸಿ. ಇಲ್ಲವಾದರೆ ಲೇತ್ ಅಂಗಡಿಯಲ್ಲಿ ಆಕ್ಸಲಿಗೆ ಗೆರೆ ಮುಚ್ಚುವಂತೆ ತೆಳು ಸ್ಲೀವ್ (ಲೋಹದ ಕೊಳವೆಯಂಥ ಹೊದಿಕೆ) ಹಾಕಿಸಿ. ಬಳಿಕ ಹೊಸ ಎಣ್ಣೆ ಹಾಕಿ ಒಂದು ಗಂಟೆ ಓಡಿಸಿ ನೋಡಿ, ಇನ್ನೂ ಬೆಳ್ಳಗಿದ್ದರೆ ಅದನ್ನೂ ಇಳಿಸಿ ಬೇರೆ ತುಂಬಿ. ಮುಂದಿನ ನಟ್ಟಿಯಲ್ಲಿ, ಗದ್ದೆಯಿಂದ ಬಂದ ಪ್ರತಿ ಸಂಜೆ, ಆ ಎಳೆಗಳು ಒಣಗಿ ಬಿಗಿಯಾಗುವ ಮೊದಲೇ ಕತ್ತಿಯಿಂದ ಕೊಯ್ದು ತೆಗೆಯಿರಿ.