‘ಕೈಗೆ ಬಂದ ಮಗ’ ಇದ್ದಾನೆ, ‘ಕೈಗೆ ಬಂದ ಮಗಳು’ ಇದ್ದಾಳಾ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಮೂರು ದಿನ ಆಯ್ತು. ನಿಮ್ಮ ನಿಮ್ಮ ಕಡೆಯ ಬಳಕೆ ತಿಳಿಸಿ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಅಂದರೆ ಮಿಸಿಸಿಪ್ಪಿ, ಅಲಬಾಮಾ ಕಡೆ, ಹತ್ತಿ ಬೆಳೆಯುತ್ತಿದ್ದ ಬಡ ಶೇರ್‌ಕ್ರಾಪರ್ ಮನೆಗಳ ಬಗ್ಗೆ, ಅಂದರೆ ಧಣಿಯ ಹೊಲದಲ್ಲಿ ಬೆಳೆಯ ಪಾಲಿಗೆ ದುಡಿಯುತ್ತಿದ್ದವರ ಬಗ್ಗೆ, ಬರೆಯುತ್ತಿದ್ದೇನೆ. ಶೇರ್‌ಕ್ರಾಪರ್ ಪದವೇ ಮೊದಲ ತೊಡಕು. ‘ಗೇಣಿದಾರ’ ಅಂತ ಬರೆದು ಹೊಡೆದುಹಾಕಿದೆ. ಗೇಣಿ ಅಂದ ಕೂಡಲೇ ನಮಗೆ 1974ರ ಭೂಸುಧಾರಣೆ ಕಾನೂನು, ಡಿಕ್ಲರೇಶನ್ ಹಾಕಿ ಹೊಲ ತಮ್ಮದು ಮಾಡಿಕೊಂಡವರು ನೆನಪಾಗುತ್ತಾರೆ. ಅಲ್ಲಿ ಅಂಥದ್ದೇನೂ ಇರಲಿಲ್ಲ. 1865ರಲ್ಲಿ ಗುಲಾಮಗಿರಿ ಹೋಯಿತು, ಹೊಲ ಮಾತ್ರ ಸಿಗಲಿಲ್ಲ, ಹಾಗಾಗಿ ಕರಿಯರು ಮತ್ತೆ ಧಣಿಗಳ ಹೊಲದಲ್ಲೇ ಪಾಲಿಗೆ ನಿಂತರು, ಸಾಲದಲ್ಲಿ ಹೊಲ ಕಳೆದುಕೊಂಡ ಬಡ ಬಿಳಿಯರೂ ಲಕ್ಷಗಟ್ಟಲೆ ಬಂದು ಸೇರಿಕೊಂಡರು. ಗುಡಿಸಲು, ಹೇಸರಗತ್ತೆ, ನೇಗಿಲು ಧಣಿಯದು. ದುಡಿಮೆ ಇವರದು. ಹತ್ತಿ ಅರ್ಧರ್ಧ. ಎಷ್ಟೋ ಕಡೆ ಕಾನೂನಿನ ಕಣ್ಣಿಗೆ ಇವರು ಬರೀ ಕೂಲಿಗಳು.

ನಮ್ಮ ‘ಪಾಲಿಗೆ ಮಾಡೋದು’, ‘ವಾರಕ್ಕೆ ಮಾಡೋದು’, ‘ಕೋರಿಗೆ ಮಾಡೋದು’ ಎಲ್ಲ ಇದರ ಹತ್ತಿರದವೇ. ನಾನು ಸದ್ಯಕ್ಕೆ ‘ಪಾಲಿನ ಒಕ್ಕಲು’ ಅಂತ ಇಟ್ಟುಕೊಂಡಿದ್ದೇನೆ. ಒಕ್ಕಲು ಅಂದರೆ ಒಬ್ಬ ಗಂಡಸಲ್ಲ, ಇಡೀ ಮನೆ. ಅಲ್ಲಿನ ಲೆಕ್ಕವೂ ಹಾಗೇ ಇತ್ತು. ಇನ್ನೊಂದು ಲಾಭವೂ ಇದೆ: 1933ರಲ್ಲಿ ಹತ್ತಿ ಬೆಲೆ ಏರಲಿ ಅಂತ ಸರ್ಕಾರ ಬೆಳೆ ಕಡಿಮೆ ಮಾಡಿಸಿ ಧಣಿಗಳಿಗೆ ದುಡ್ಡು ಕೊಟ್ಟಾಗ, ಕೆಲಸ ಇಲ್ಲ ಅಂತ ಎಷ್ಟೋ ಮನೆಗಳನ್ನು ಹೊರಗೆ ಹಾಕಿದರಲ್ಲ, ಅದಕ್ಕೆ ‘ಒಕ್ಕಲೆಬ್ಬಿಸಿದರು’ ಅನ್ನುವ ಮಾತು ಸಿದ್ಧವಾಗಿಯೇ ಇದೆ!

ಇಷ್ಟು ಸರಿ. ನಾನು ಸಿಕ್ಕಿಕೊಂಡಿರುವುದು ‘ಹ್ಯಾಂಡ್’ ಎಂಬ ಪದದಲ್ಲಿ. ಮನೆಯಲ್ಲಿ ಎಷ್ಟು ಹ್ಯಾಂಡ್ ಇದ್ದಾರೆ ಅಂತ ನೋಡಿ ಧಣಿ ಹೊಲ ಕೊಡುತ್ತಿದ್ದ. ಹೆಂಡತಿ, ಮಕ್ಕಳು, ಎಲ್ಲರೂ ಆ ಎಣಿಕೆಯಲ್ಲಿ ಬರುತ್ತಿದ್ದರು. ‘ಆಳು’ ಅಂದರೆ ಕೂಲಿ ಕೊಡಬೇಕು, ಸ್ವಂತ ಮಗನಿಗೆ ಆ ಮಾತು ಒಗ್ಗುವುದಿಲ್ಲ. ‘ಕೈಯಾಳು’ ಅಂದರೆ ಯಾವನೋ ಪುಢಾರಿಯ ಹಿಂದೆ ಓಡಾಡುವವನು ಕಣ್ಣಿಗೆ ಬರುತ್ತಾನೆ. ಆಗ ನಮ್ಮಜ್ಜಿಯ ಮಾತು ನೆನಪಾಯಿತು, ‘ಕೈಗೆ ಬಂದ ಮಗ’. ಬೆಳೆಯೂ ಕೈಗೆ ಬರುತ್ತದೆ, ಮಗನೂ ಕೈಗೆ ಬರುತ್ತಾನೆ, ಇಬ್ಬರಿಗೂ ಒಂದೇ ಕ್ರಿಯಾಪದ. ಹ್ಯಾಂಡ್‌ಗೆ ಇದಕ್ಕಿಂತ ಬೇಕಾ?

ಆದರೆ ಮಗಳಿಗೆ?

ಅಲ್ಲಿ ಜುಲೈ ಹೊತ್ತಿಗೆ ಹತ್ತಿಯ ಕಳೆ ಕೆಲಸ ಮುಗಿಯುತ್ತಿತ್ತು, ಬಿಡಿಸುವುದಕ್ಕೆ ಇನ್ನೂ ಕೆಲವು ವಾರ. ಅದನ್ನು ‘ಲೇ ಬೈ’ ಅನ್ನುತ್ತಿದ್ದರು. ಚರ್ಚಿನ ದೊಡ್ಡ ಸಭೆಗಳು, ನೆಂಟರ ಮನೆ, ಹುಡುಗ ಹುಡುಗಿ ಮಾತಾಡೋದು ಎಲ್ಲ ಆಗಲೇ. ಪ್ರೀತಿ ಅಲ್ಲಿ ಹುಟ್ಟಿದರೂ ಮದುವೆ ಅಂದರೆ ಅಪ್ಪನಿಗೆ ಒಂದು ಕೈ ಕಡಿಮೆ. ಅಣ್ಣನಷ್ಟೇ ಹತ್ತಿ ಬಿಡಿಸುವ ಮಗಳು ಹೋದರೂ ಅಷ್ಟೇ ನಷ್ಟ, ಅಂಗಡಿ ಸಾಲ ಬೇರೆ ಧಣಿಯ ಪುಸ್ತಕದಲ್ಲಿ ಕೂತಿದೆ, ವರ್ಷದ ಕೊನೆಗೆ ಅವನು ಲೆಕ್ಕ ಹೇಳುವ ತನಕ ಏನೂ ಗೊತ್ತಿಲ್ಲ. ಅಂಥ ಒಬ್ಬ ಅಪ್ಪನ ಬಾಯಲ್ಲಿ ನಾನು ಹಾಕಿದ ಮಾತು: ‘ಕೈಗೆ ಬಂದ ಮಗಳನ್ನ ಈಗ್ಲೇ ಹೇಗೆ ಕಳಿಸ್ಲಿ, ಲೆಕ್ಕ ಆಗ್ಲಿ.’ ಓದಿದ ಗೆಳತಿ ‘ಮದುವೆಗೆ ಬಂದ ಮಗಳು’ ಅಂತ ತಿದ್ದಿ ಕಳಿಸಿದ್ದಾಳೆ. ತಪ್ಪಚ್ಚು ಅಂದುಕೊಂಡಳಂತೆ. ನಮ್ಮಲ್ಲಿ ಮಗ ಕೈಗೆ ಬರುತ್ತಾನೆ, ಮಗಳು ಮದುವೆಗೆ ಬರುತ್ತಾಳೆ, ಅಲ್ವಾ? ಕಳೆ ಕೀಳುವುದು ಮಾತ್ರ ಅವಳೇ.

ಫ್ಯಾನಿ ಲೂ ಹೇಮರ್ ಗೊತ್ತಿರಬಹುದು, ಕರಿಯರ ಓಟಿನ ಹಕ್ಕಿಗಾಗಿ ಹೋರಾಡಿದ ಮಿಸಿಸಿಪ್ಪಿಯ ಹೆಣ್ಣುಮಗಳು. 1917ರಲ್ಲಿ ಹುಟ್ಟಿದ್ದು, 20 ಮಕ್ಕಳಲ್ಲಿ ಕೊನೆಯವರು. 6 ವರ್ಷಕ್ಕೇ ಹತ್ತಿ ಬಿಡಿಸೋಕೆ ಇಳಿದರು. ಕಣ್ಣು ಹೋದ ತಾಯಿಯನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. 1962ರಲ್ಲಿ ಓಟಿಗೆ ಹೆಸರು ಬರೆಸಲು ಹೋದರು ಅಂತ ಧಣಿ ಹೊಲ ಬಿಟ್ಟು ಹೋಗು ಅಂದ. ಗಂಡ ಪ್ಯಾಪ್ ಜೊತೆಗೆ ಹೊರಡುವ ಹಾಗಿರಲಿಲ್ಲ, ಸುಗ್ಗಿ ಮುಗಿಯುವ ತನಕ ಅಲ್ಲೇ ಉಳಿಯಬೇಕಾಯಿತು. ಇಂಥ ಹೆಂಗಸು ಕೈಗೆ ಬಂದ ಮಗಳಲ್ಲದೆ ಇನ್ಯಾರು?

ಹಾಗಾಗಿ ಕೇಳುತ್ತಿದ್ದೇನೆ. ‘ಕೈಗೆ ಬಂದ ಮಗಳು’ ಅಂತ ಯಾರಾದರೂ ಅಂದದ್ದನ್ನು ಕೇಳಿದ್ದೀರಾ? ಅದರಲ್ಲೂ ಹಾವೇರಿ, ಧಾರವಾಡ, ರಾಯಚೂರು ಕಡೆಯವರು ಹೇಳಿ, ಅಲ್ಲಿ ಹತ್ತಿ ಬಿಡಿಸುವವರು ಜಾಸ್ತಿ ಹೆಣ್ಣುಮಕ್ಕಳೇ. ಬಳಕೆಯಲ್ಲಿ ಇಲ್ಲ ಅಂದರೂ ನಾನು ಅದನ್ನೇ ಉಳಿಸಿಕೊಳ್ಳುವವನು, ಆದರೆ ಹೊಸದಾಗಿ ಹುಟ್ಟಿಸಿದ್ದು ಅಂತ ಗೊತ್ತಿದ್ದೇ ಉಳಿಸಿಕೊಳ್ಳಬೇಕು.

ಹಾಗೇ, ಕಳೆ ಮುಗಿದು ಸುಗ್ಗಿ ಶುರುವಾಗುವ ಮುಂಚಿನ ಆ ಬಿಡುವಿಗೆ ನಿಮ್ಮೂರಲ್ಲಿ ಒಂದೇ ಪದ ಏನಾದರೂ ಇದೆಯಾ?