ಮೆಟಾಲಿಕಾ ಮತ್ತೆ ನಮ್ಮ ಕಡೆ ಯಾವಾಗ?

ಕಲಬುರಗಿ ಹುಡುಗ:
2011ರ ಅಕ್ಟೋಬರ್ 30ಕ್ಕೆ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಎಂಟನೇ ಕ್ಲಾಸ್, ಮನೆಯಲ್ಲಿ ಕಳಿಸಲಿಲ್ಲ. ಈಗ ದುಡ್ಡು ಕೂಡಿಟ್ಟಿದ್ದೇನೆ. ಉದ್ಯಾನ್ ಎಕ್ಸ್‌ಪ್ರೆಸ್ ನಮ್ಮೂರ ಮೇಲೇ ಮುಂಬೈಗೂ ಹೋಗುತ್ತೆ ಬೆಂಗಳೂರಿಗೂ ಹೋಗುತ್ತೆ, ಶೋ ಎಲ್ಲಿಟ್ಟರೂ ನಾನು ರೆಡಿ. ಟೂರ್ ಯಾವಾಗ ಹೇಳಬಹುದು ಅಂತೀರಿ?

ಬೀದರ್ ಗಿಟಾರ್:
ತಮ್ಮಾ, ಅವತ್ತು ನಾನು ಅಲ್ಲೇ ಇದ್ದೆ. ಅದಕ್ಕೂ ಮೊದಲಿನ ಗುರುಗ್ರಾಮದ ಶೋ ರದ್ದಾಗಿತ್ತಲ್ಲ, ಇದೂ ಹೋಯ್ತೇನೋ ಅಂತ ದಾರಿಯುದ್ದಕ್ಕೂ ಹೊಟ್ಟೆಯಲ್ಲಿ ತಳಮಳ. ಡ್ರಮ್ ಶುರುವಾದಾಗ ಎದೆಗೂಡೇ ಅದುರಿತು, ಪಕ್ಕದಲ್ಲಿದ್ದ ಗುರುತಿಲ್ಲದವನನ್ನ ತಬ್ಬಿಕೊಂಡು ಅತ್ತುಬಿಟ್ಟೆ. ಬ್ರಿಟನ್ನಿನ ಕೋಲ್ಡ್‌ಪ್ಲೇ ಬ್ಯಾಂಡ್ ಭಾರತದ 2025ರ ಜನವರಿ ಶೋಗಳನ್ನ 2024ರ ಸೆಪ್ಟೆಂಬರ್‌ನಲ್ಲೇ ಹೇಳಿತ್ತು. ಇವರೂ ಚಳಿಗಾಲಕ್ಕೆ ಬರೋದಾದ್ರೆ ಗಣೇಶ ಹಬ್ಬದ ಹೊತ್ತಿಗೆ ಸುದ್ದಿ ಬರಬೇಕು, ನನ್ನ ಲೆಕ್ಕ.

ಯಾದಗಿರಿಯವಳು:
ನನಗೂ ಹಾಗೇ ಅನ್ಸುತ್ತೆ ಅಣ್ಣಾ. ವಾಟ್ಸಾಪ್ ಪೋಸ್ಟರ್ ನೋಡಿ ಸುಮ್ನೆ ದುಡ್ಡು ಕಟ್ಟಬೇಡಿ, ಬ್ಯಾಂಡ್‌ನವರ ಪುಟದಲ್ಲೇ ಬರಲಿ. ರೈಲು ರಿಸರ್ವೇಶನ್ ಈಗ 60 ದಿನ ಮುಂಚೆ ಮಾತ್ರ ಸಿಗುತ್ತೆ, ನೆನಪಿರಲಿ.

ಕಲಬುರಗಿ ಹುಡುಗ:
ಆಯ್ತಕ್ಕಾ. ಟಿಕೆಟ್ ಸಿಕ್ರೆ ಮೂವರೂ ಒಟ್ಟಿಗೇ ಹೋಗೋಣ, ಅಲ್ವಾ?